ಬೋರ್ ನೀರು, ಕೆಂಪು ಧೂಳು, ಹಳೇ ಜೀಪು

ಹಳೇ ಜೀಪಿನ ರೇಡಿಯೇಟರನ್ನು ಬಿಚ್ಚಿ ಬೆಂಚಿನ ಮೇಲಿಟ್ಟು, ಬೆಸುಗೆ ಕಾಯಿಸಿ ಮೇಲಿನ ಟ್ಯಾಂಕನ್ನು ಎತ್ತಿದರೆ ಸಾಕು, ಆ ಗಾಡಿ ಎಲ್ಲಿಯ ನೀರು ಕುಡಿದಿದೆ ಎಂಬುದು ಗೊತ್ತಾಗಿಬಿಡುತ್ತದೆ. ಕೋಲಾರ, ಮುಳಬಾಗಿಲು, ಶ್ರೀನಿವಾಸಪುರ ಕಡೆಯ ಗಾಡಿಯಾದರೆ ಹಿತ್ತಾಳೆಯ ಚಪ್ಪಟೆ ಕೊಳವೆಗಳ ಬಾಯಲ್ಲಿ ಬೆಳ್ಳನೆಯ ಗಟ್ಟಿ ಪದರ ಕಟ್ಟಿರುತ್ತದೆ. ಉಗುರಿನಿಂದ ಕೆರೆದರೆ ಬರುವುದಿಲ್ಲ. ತೆಳು ತಗಡಿನ ಪಟ್ಟಿಯನ್ನು ಒಂದೊಂದೇ ಕೊಳವೆಗೆ ತೂರಿಸಿ ಎಳೆದಾಗ ಪುಡಿಪುಡಿಯಾಗಿ ಉದುರುತ್ತದೆ. ಆ ಪುಡಿಯ ಮೇಲೆ ನಿಂಬೆರಸ ಹಿಂಡಿದರೆ ಬುಸ್ಸನೆ ನೊರೆ ಏಳುತ್ತದೆ. ಅದರಲ್ಲಿ ಹೆಚ್ಚಿನದು ಕ್ಯಾಲ್ಸಿಯಂ ಕಾರ್ಬೊನೇಟು. ಸುಣ್ಣದ ಕಲ್ಲೂ ಅದೇ. ರೇಡಿಯೇಟರ್ ರಿಪೇರಿಯವರು ಇಷ್ಟೆಲ್ಲ ಹೇಳುವುದಿಲ್ಲ, "ಉಪ್ಪು ಕಟ್ಟಿದೆ" ಎನ್ನುತ್ತಾರೆ.

ಕೋಲಾರ ಜಿಲ್ಲೆಗೆ ವರ್ಷವಿಡೀ ಹರಿಯುವ ನದಿಯಿಲ್ಲ. ಕೆರೆಗಳು ಒಣಗಿದಂತೆಲ್ಲ ಜನ ನೆಲವನ್ನು ಕೊರೆಯುತ್ತ ಹೋದರು. ಬೋರ್‌ವೆಲ್‌ಗಳು ಸಾವಿರ ಅಡಿ ದಾಟಿ ಇಳಿದವು. ಅಷ್ಟು ಆಳದ ಕಲ್ಲಿನ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಬಂಡೆಯಿಂದ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳನ್ನು ಕರಗಿಸಿಕೊಂಡೇ ಮೇಲೆ ಬರುತ್ತದೆ. ಅದರ ಜೊತೆ ಬರುವ ಫ್ಲೋರೈಡು ಮನುಷ್ಯರ ಹಲ್ಲು, ಮೂಳೆಗಳನ್ನು ಕೆಡಿಸಿದ್ದು ಈ ಸೀಮೆಯ ದೊಡ್ಡ ನೋವು. ಜೀಪಿಗೆ ಫ್ಲೋರೈಡಿನ ಚಿಂತೆಯಿಲ್ಲ. ಅದರ ಎಂಜಿನ್ನಿಗೆ ಶತ್ರು ಕ್ಯಾಲ್ಸಿಯಂ.

ನೀರು ತಣ್ಣಗಿರುವಾಗ ಕ್ಯಾಲ್ಸಿಯಂ ಬೈಕಾರ್ಬೊನೇಟಾಗಿ ಕರಗಿಕೊಂಡೇ ಇರುತ್ತದೆ. ಕಾಯಿಸಿದರೆ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ, ಕರಗದ ಕಾರ್ಬೊನೇಟು ಉಳಿಯುತ್ತದೆ. ಅದು ಬಂದು ಕೂರುವುದು ಅತಿ ಹೆಚ್ಚು ಬಿಸಿಯಾಗುವ ಜಾಗದಲ್ಲಿ, ಎಂದರೆ ಎಕ್ಸಾಸ್ಟ್ ವಾಲ್ವುಗಳ ಸುತ್ತ. ಒಂದು ಸಲ ತುಂಬಿಸಿದ ನೀರಿನಿಂದ ಆಗುವ ಹಾನಿ ಅಲ್ಪ. ಲೀಟರಿಗೆ 500 ಮಿಲಿಗ್ರಾಂ ಗಡಸುತನವಿರುವ ಹತ್ತು ಲೀಟರ್ ನೀರಿನಲ್ಲಿ ಇರುವುದು 5 ಗ್ರಾಂ ಲವಣ ಮಾತ್ರ. ಕೆಡುಕು ಬೆಳಗಿನ ರೂಢಿಯಲ್ಲಿದೆ. ಎಲ್ಲೋ ಸಣ್ಣಗೆ ಸೋರುವ, ಕುದಿದು ಆವಿ ಬಿಡುವ ಗಾಡಿಗೆ ದಿನಾ ಒಂದು ಲೀಟರ್ ಬೋರ್ ನೀರು ಸುರಿದರೆ, ಆವಿಯಾಗಿ ಹೋಗುವುದು ನೀರು, ಒಳಗೆ ಉಳಿಯುವುದು ಲವಣ. ದಿನಕ್ಕೆ ಅರ್ಧ ಗ್ರಾಂ ಎಂದರೂ ವರ್ಷಕ್ಕೆ 180 ಗ್ರಾಂ ದಾಟುತ್ತದೆ. ಎಲ್ಲವೂ ಗಟ್ಟಿಯಾಗಿ ಕೂರುವುದಿಲ್ಲ ನಿಜ, ಆದರೆ ಕೂರುವಷ್ಟು ಸಾಕು. ಎರಕದ ಕಬ್ಬಿಣದ ಮೂಲಕ ಶಾಖ ಹರಿಯುವುದಕ್ಕೆ ಹೋಲಿಸಿದರೆ ಈ ಪದರದ ಮೂಲಕ ಹರಿಯುವುದು ಸುಮಾರು ಇಪ್ಪತ್ತೈದರಲ್ಲಿ ಒಂದು ಪಾಲು. ಒಂದು ಮಿಲಿಮೀಟರ್ ಪದರ ಕಟ್ಟಿದರೆ ಎಂಜಿನ್ ಗೋಡೆಗೆ ಇನ್ನೆರಡೂವರೆ ಸೆಂಟಿಮೀಟರ್ ಕಬ್ಬಿಣ ಸೇರಿಸಿದಷ್ಟೇ ಅಡ್ಡಿ.

ಎತ್ತರವೂ ಇದಕ್ಕೆ ಕೂಡಿಕೊಳ್ಳುತ್ತದೆ. ಈ ಬಯಲು ಸಮುದ್ರಮಟ್ಟದಿಂದ 800 ಮೀಟರಿಗೂ ಮೇಲಿದೆ. ಗಾಳಿಯ ಒತ್ತಡ ಕಡಲತೀರಕ್ಕಿಂತ ಸುಮಾರು ಹತ್ತನೇ ಒಂದು ಪಾಲು ಕಡಿಮೆ, ನೀರು ಕುದಿಯುವುದು 97 ಡಿಗ್ರಿಯ ಆಸುಪಾಸಿನಲ್ಲೇ. ರೇಡಿಯೇಟರ್ ಮುಚ್ಚಳದೊಳಗಿನ ಸ್ಪ್ರಿಂಗ್ ಈ ಕೊರತೆಯನ್ನು ತುಂಬುತ್ತದೆ. 7 ಪಿಎಸ್‌ಐ ಮುಚ್ಚಳ ಸರಿಯಾಗಿ ಕೂತಿದ್ದರೆ ಕುದಿಬಿಂದು 109 ಡಿಗ್ರಿಯವರೆಗೂ ಏರುತ್ತದೆ. ರಬ್ಬರ್ ವಾಷರ್ ಒಣಗಿದ ಮುಚ್ಚಳವನ್ನು ಬಟ್ಟೆ ಸುತ್ತಿ ಬಿಗಿಮಾಡಿಕೊಂಡು ಓಡಿಸುವವನು ಈ ಹನ್ನೆರಡು ಡಿಗ್ರಿಯನ್ನು ಬಿಟ್ಟುಕೊಟ್ಟಿರುತ್ತಾನೆ.

ಗಾಡಿ ಕಾಯುತ್ತದೆ ಎಂದಾಕ್ಷಣ ಥರ್ಮೋಸ್ಟಾಟ್ ಕಿತ್ತು ಬಿಸಾಡುವುದು ನಮ್ಮ ಗ್ಯಾರೇಜುಗಳ ಹಳೇ ಚಾಳಿ. ಇದು ಶುದ್ಧ ತಪ್ಪು. ಥರ್ಮೋಸ್ಟಾಟ್ ಇಲ್ಲದ ಎಂಜಿನ್ ಬೇಗ ಬೆಚ್ಚಗಾಗುವುದಿಲ್ಲ, ತಣ್ಣಗೆ ಓಡುವ ಎಂಜಿನ್ನಿನಲ್ಲಿ ಬೋರು, ರಿಂಗು ಬೇಗ ಸವೆಯುತ್ತವೆ, ಅತ್ತ ಕಟ್ಟಿಕೊಂಡ ಕೊಳವೆ ಕಟ್ಟಿಕೊಂಡೇ ಇರುತ್ತದೆ. ಮೊದಲು ಕಾರಣ ಹುಡುಕಬೇಕು. ಎಂಜಿನ್ ಬಿಸಿಯಾದ ಮೇಲೆ ಆಫ್ ಮಾಡಿ, ಫ್ಯಾನ್ ನಿಂತ ನಂತರ ರೇಡಿಯೇಟರ್ ಜಾಲರಿಯ ಮೇಲೆ ಅಂಗೈ ಆಡಿಸಿದರೆ ತಣ್ಣಗಿರುವ ಪಟ್ಟೆಗಳು ಸಿಗುತ್ತವೆ. ಅಲ್ಲೇ ಕೊಳವೆ ಕಟ್ಟಿರುವುದು. ಬೆಳಗ್ಗೆ ತಣ್ಣಗಿರುವಾಗ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿದಾಗ ನೀರಿನಲ್ಲಿ ಬಿಡದೆ ಗುಳ್ಳೆ ಬಂದರೆ ಸಂಶಯ ಹೆಡ್ ಗ್ಯಾಸ್ಕೆಟ್ ಮೇಲೆ. ಇನ್ನು ನೀರಿಗೆ ಪರಿಹಾರ ಊರಲ್ಲೇ ಇದೆ: ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಶುದ್ಧ ನೀರಿನ ಘಟಕಗಳ ಆರ್‌ಒ ನೀರಿಗೆ ಕೂಲಂಟ್ ಬೆರೆಸಿದರೆ ಸಾಕು. ಮನುಷ್ಯರಿಗೆಂದು ಬಂದ ಘಟಕ ಜೀಪಿಗೂ ಒದಗುತ್ತದೆ.

ಈ ಜೀಪುಗಳ ವಂಶಾವಳಿ ಇಲ್ಲಿ ಸ್ವಲ್ಪ ಬೇಕು. ಎರಡನೇ ಮಹಾಯುದ್ಧಕ್ಕಾಗಿ 1941ರಲ್ಲಿ ತಯಾರಾಗತೊಡಗಿದ ವಿಲ್ಲಿಸ್ ಎಂಬಿ ಎಲ್ಲಕ್ಕೂ ಮೂಲ. 1945ರಲ್ಲಿ ಹುಟ್ಟಿದ ಮಹೀಂದ್ರ ಸಂಸ್ಥೆ ಆ ದಶಕದ ಕೊನೆಯ ಹೊತ್ತಿಗೆ ಮುಂಬೈಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿತು. ಎತ್ತರದ ಬಾನೆಟ್ಟಿನ ಸಿಜೆ-3ಬಿ ಬಂತು. ಅದರ ಹರಿಕೇನ್ ಪೆಟ್ರೋಲ್ ಎಂಜಿನ್ನಿನಲ್ಲಿ ಇನ್‌ಟೇಕ್ ವಾಲ್ವು ಹೆಡ್ಡಿನಲ್ಲಿ, ಎಕ್ಸಾಸ್ಟ್ ವಾಲ್ವು ಬ್ಲಾಕಿನಲ್ಲಿ ಇದ್ದುದರಿಂದಲೇ ಎಂಜಿನ್ ಎತ್ತರವಾಗಿ, ಬಾನೆಟ್ಟೂ ಎತ್ತರವಾಯಿತು. ಮುಂದೆ ಡೀಸೆಲ್ ಕಾಲ. 1980ರ ದಶಕದ ಎಂಎಂ-540ಯಲ್ಲಿ ಪೂಜೋ ಮೂಲದ 2112 ಸಿಸಿ ಎಂಜಿನ್, ಆಮೇಲಿನ ಗಾಡಿಗಳಲ್ಲಿ 2523 ಸಿಸಿಯ ಡಿಐ. ಗ್ಯಾರೇಜಿನಲ್ಲಿ ಇವತ್ತಿಗೂ ಕೇಳುವ ಮೊದಲ ಪ್ರಶ್ನೆ "ಪೂಜೋನಾ, ಡಿಐನಾ?" ಎಂಬುದೇ. 1985ರ ಕೊನೆಯಲ್ಲಿ ಮಾರುತಿ ಜಿಪ್ಸಿ ಬಂತು. ಜಬಲ್ಪುರದ ಸೇನಾ ವಾಹನ ಕಾರ್ಖಾನೆಯಲ್ಲಿ ನಿಸ್ಸಾನ್ ಪ್ಯಾಟ್ರೋಲ್‌ನ ಮಾದರಿಯಲ್ಲಿ ತಯಾರಾದ ಜೋಂಗಾ ಸೇನೆಯ ಹರಾಜಿನಿಂದ ಖಾಸಗಿಯವರ ಕೈ ಸೇರಿತು.

ಜೀಪು ಗುಡ್ಡ ಹತ್ತುವುದು ಎಂಜಿನ್ನಿನ ತಾಕತ್ತಿನಿಂದ ಎಂದು ಎಲ್ಲರೂ ನಂಬುತ್ತಾರೆ. ಲೆಕ್ಕ ಬೇರೆಯದನ್ನೇ ಹೇಳುತ್ತದೆ. ಸಿಜೆ-3ಬಿಯ ಮೊದಲ ಗೇರಿನ ಅನುಪಾತ 2.80, ಟ್ರಾನ್ಸ್‌ಫರ್ ಕೇಸಿನ ಲೋ ಅನುಪಾತ 2.46, ಕ್ರೌನ್-ಪಿನಿಯನ್ನಿನದು 5.38. ಮೂರನ್ನೂ ಗುಣಿಸಿದರೆ 37. ಚಕ್ರ ಒಂದು ಸುತ್ತು ಹಾಕಲು ಎಂಜಿನ್ 37 ಸುತ್ತು ಹಾಕಬೇಕು. ಎಂಜಿನ್ ನಿಮಿಷಕ್ಕೆ ಸಾವಿರ ಸುತ್ತು ತಿರುಗಿದರೆ ಗಾಡಿ ಗಂಟೆಗೆ ನಾಲ್ಕು ಕಿಲೋಮೀಟರಿಗಿಂತ ನಿಧಾನ, ಮನುಷ್ಯ ಪಕ್ಕದಲ್ಲೇ ನಡೆದುಕೊಂಡು ಬರಬಹುದು. ಎಂಜಿನ್ನಿನ ಸುಮಾರು 155 ನ್ಯೂಟನ್ ಮೀಟರ್ ಟಾರ್ಕ್ ಇದೇ 37 ಪಟ್ಟು ಹಿಗ್ಗಿ ಚಕ್ರಕ್ಕೆ ಬರುತ್ತದೆ. ಗೇರುಗಳ ತಿಕ್ಕಾಟದಲ್ಲಿ ಐದನೇ ಒಂದು ಪಾಲು ಕಳೆದುಹೋಯಿತು ಎಂದುಕೊಂಡರೂ ಟೈರು ನೆಲವನ್ನು ತಳ್ಳುವ ಬಲ 12,000 ನ್ಯೂಟನ್ ದಾಟುತ್ತದೆ. ಒಂದು ಟನ್ನಿನ ಆಸುಪಾಸಿನ ಆ ಗಾಡಿಯ ತೂಕವೇ ಸುಮಾರು 10,000 ನ್ಯೂಟನ್. ಎಂಜಿನ್ ಕೊಡಬಲ್ಲ ಬಲ ಗಾಡಿಯನ್ನೇ ನೇರ ಮೇಲಕ್ಕೆ ಎತ್ತುವಷ್ಟಿದೆ! ಹಾಗಿದ್ದರೂ ಮಾವಿನ ತೋಪಿನ ಕೆಸರಿನಲ್ಲಿ ಚಕ್ರ ಗಿರಗಿರ ತಿರುಗುತ್ತ ನಿಲ್ಲುವುದೇಕೆ? ನೆಲಕ್ಕೆ ಹಿಡಿತವಿಲ್ಲ, ಅಷ್ಟೆ.

ಟೇಕಲ್ಲಿನ ಬಂಡೆಗುಡ್ಡದ ಬುಡದಲ್ಲೋ ಆವಣಿಯ ಬೆಟ್ಟದ ಬದಿಯಲ್ಲೋ ಸಡಿಲ ಮಣ್ಣಿನ 20 ಡಿಗ್ರಿ ಏರು ಇದೆ ಎಂದಿಟ್ಟುಕೊಳ್ಳೋಣ. ಅದನ್ನು ಹತ್ತಲು ತೂಕದ ಶೇಕಡಾ 34ರಷ್ಟು ಬಲ ಬೇಕು. ಸಡಿಲ ಮಣ್ಣಿನ ಹಿಡಿತದ ಗುಣಾಂಕ 0.45 ಎಂದರೆ, ಏರಿನಲ್ಲಿ ಶೇಕಡಾ 60ರಷ್ಟು ಭಾರ ಹೊತ್ತ ಹಿಂದಿನ ಚಕ್ರಗಳೆರಡೇ ಕೊಡಬಲ್ಲದ್ದು ಸುಮಾರು ಶೇಕಡಾ 25. ಗಾಡಿ ನಿಲ್ಲುತ್ತದೆ. ಫೋರ್ ವೀಲ್ ಹಾಕಿದರೆ ಪೂರ್ತಿ ಭಾರ ದುಡಿಮೆಗೆ ಬಂದು ಶೇಕಡಾ 42 ಸಿಗುತ್ತದೆ. ಗಾಡಿ ಹತ್ತುತ್ತದೆ. ನಡುವೆ ಇರುವುದು ಒಂದು ಸಣ್ಣ ಲಿವರು.

ಅದೇ ಲಿವರನ್ನು ಟಾರು ರಸ್ತೆಯಲ್ಲಿ ಹಾಕಿಕೊಂಡು ಹೋದರೆ ಪೆಟ್ಟು ಬೇರೆ ಕಡೆ ಬೀಳುತ್ತದೆ. ಹಳೇ ಜೀಪಿನಲ್ಲಿ ಮುಂದಿನ, ಹಿಂದಿನ ಆಕ್ಸಲ್‌ಗಳ ನಡುವೆ ಡಿಫರೆನ್ಷಿಯಲ್ ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹೆಚ್ಚು ದೂರ ಸಾಗಬೇಕು, ಸಾಗಲು ಬಿಡದೆ ಎರಡನ್ನೂ ಗೇರು ಕಟ್ಟಿಹಾಕಿರುತ್ತದೆ. ಮಣ್ಣಿನ ಮೇಲಾದರೆ ಟೈರು ತುಸು ಜಾರಿ ಆ ವ್ಯತ್ಯಾಸ ಕಳೆಯುತ್ತದೆ. ಟಾರಿನ ಮೇಲೆ ಜಾರುವುದಿಲ್ಲ. ಶಾಫ್ಟುಗಳು ತಿರುಚಿಕೊಳ್ಳುತ್ತವೆ, ಲಿವರು ಹೊರಗೆ ಬರುವುದಿಲ್ಲ ಎಂದು ಹಟ ಹಿಡಿಯುತ್ತದೆ. ಆಗ ಬಲ ಹಾಕಿ ಎಳೆಯಬಾರದು. ಸ್ವಲ್ಪ ರಿವರ್ಸ್ ತೆಗೆದುಕೊಂಡರೆ ತಿರುಚು ಸಡಿಲವಾಗಿ ಲಿವರು ತಾನೇ ಬರುತ್ತದೆ.

ಶಾಫ್ಟಿನ ಮಾತು ಬಂದಾಗ ಒಂದು ಕೆಲಸವನ್ನು ಹತ್ತಿರದಿಂದ ನೋಡಬೇಕು. ಪ್ರೊಪೆಲ್ಲರ್ ಶಾಫ್ಟಿನ ಎರಡು ತುದಿಗೆ ಯುಜೆ (ಯುನಿವರ್ಸಲ್ ಜಾಯಿಂಟ್) ಕ್ರಾಸುಗಳಿರುತ್ತವೆ. 17ನೇ ಶತಮಾನದಲ್ಲಿ ರಾಬರ್ಟ್ ಹುಕ್ ಅಭ್ಯಾಸ ಮಾಡಿದ ಈ ಜೋಡಣೆಗೆ ಒಂದು ವಿಚಿತ್ರ ಗುಣವಿದೆ. ಓರೆಯಾಗಿ ಕೂತಾಗ, ಒಳಬರುವ ವೇಗ ಒಂದೇ ಸಮನಿದ್ದರೂ ಹೊರಹೋಗುವ ವೇಗ ಪ್ರತಿ ಸುತ್ತಿಗೆ ಎರಡು ಸಲ ಏರಿಳಿಯುತ್ತದೆ. 20 ಡಿಗ್ರಿ ಓರೆಗೆ ಈ ಏರಿಳಿತ ಎರಡೂ ಕಡೆ ಸುಮಾರು ಶೇಕಡಾ 6. ಎರಡನೇ ಕ್ರಾಸು ಅದನ್ನೇ ತಿರುಗುಮುರುಗು ಮಾಡಿ ಸರಿದೂಗಿಸುತ್ತದೆ, ಆದರೆ ಶಾಫ್ಟಿನ ಎರಡು ತುದಿಯ ಕವಲುಗಳು ಒಂದೇ ನೇರದಲ್ಲಿದ್ದರೆ ಮಾತ್ರ. ಕ್ರಾಸು ಬದಲಿಸುವಾಗ ನಡುವಿನ ಸ್ಲಿಪ್ ಜಾಯಿಂಟನ್ನು ಬಿಚ್ಚಿ, ಸ್ಪ್ಲೈನಿನ ಒಂದೆರಡು ಹಲ್ಲು ಆಚೀಚೆ ಕೂರಿಸಿಬಿಟ್ಟರೆ ಏರಿಳಿತ ಉಳಿದುಕೊಂಡು ನೆಲಹಾಸಿನಡಿ ನಡುಕ ಶುರುವಾಗುತ್ತದೆ. ಒಡೆಯ ವೀಲ್ ಬ್ಯಾಲೆನ್ಸ್ ಮಾಡಿಸುತ್ತಾನೆ, ಎಂಜಿನ್ ಫೌಂಡೇಷನ್ ಬದಲಿಸುತ್ತಾನೆ, ನಡುಕ ಹೋಗುವುದಿಲ್ಲ. ಬಿಚ್ಚುವ ಮುನ್ನ ಎರಡೂ ತುಂಡಿನ ಮೇಲೆ ಉಳಿಯಿಂದ ಒಂದು ಗೆರೆ ಹೊಡೆದುಕೊಂಡಿದ್ದರೆ ಈ ಅಲೆದಾಟವೇ ಇರುತ್ತಿರಲಿಲ್ಲ. ಪಕ್ಕದ ಕೆಜಿಎಫ್‌ನಲ್ಲಿ ನೆಲೆಯಿರುವ ಬಿಇಎಂಎಲ್ 1986ರ ಒಪ್ಪಂದದ ಮೇಲೆ ಸೇನೆಗೆ ಮಾಡಿಕೊಟ್ಟ ತಾತ್ರಾ ಟ್ರಕ್ಕುಗಳು ಇದಕ್ಕೆ ಬೇರೆ ದಾರಿ ಹಿಡಿದಿವೆ. ಅಲ್ಲಿ ಶಾಫ್ಟು ಗಾಡಿಯ ಬೆನ್ನೆಲುಬಾದ ದಪ್ಪ ಕೊಳವೆಯೊಳಗೇ ಓಡುತ್ತದೆ.

ಸ್ಟೀರಿಂಗ್ ಗಡಗಡ ನಡುಗುವುದು ಮತ್ತೊಂದು ದೂರು. ಗಂಟೆಗೆ 50 ಕಿಲೋಮೀಟರಿನ ಸುಮಾರಿಗೆ ಗುಂಡಿಯೊಂದಕ್ಕೆ ಇಳಿದ ಮುಂಚಕ್ರಗಳು ಹುಚ್ಚು ಹಿಡಿದಂತೆ ಎಡಬಲಕ್ಕೆ ಹೊಡೆದುಕೊಳ್ಳತೊಡಗುತ್ತವೆ. ಚಕ್ರವನ್ನು ಜಾಕ್ ಮೇಲೆ ಎತ್ತಿ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರೆ ಆಟ ಸಿಗುತ್ತದೆ. ಅದು ವೀಲ್ ಬೇರಿಂಗಿನದೋ ಕಿಂಗ್ ಪಿನ್ನಿನದೋ? ಇನ್ನೊಬ್ಬರು ಬ್ರೇಕ್ ತುಳಿದು ಹಿಡಿಯಲಿ. ಆಟ ಮಾಯವಾದರೆ ಬೇರಿಂಗ್, ಉಳಿದರೆ ಕಿಂಗ್ ಪಿನ್. ಎಡಬಲಕ್ಕೆ ಹಿಡಿದು ಅಲ್ಲಾಡಿಸಿದಾಗ ಮಾತ್ರ ಆಟವಿದ್ದರೆ ಟೈ ರಾಡ್ ತುದಿಗಳನ್ನು ನೋಡಬೇಕು.

ಇಷ್ಟೆಲ್ಲ ಜಾಯಿಂಟುಗಳು ಬೇಗ ಸವೆಯಲು ಕಾರಣ ಧೂಳು. ಕೋಲಾರದ ಕೆಂಪು ಮಣ್ಣು ಬಹುಕಾಲ ಕಳಿತ ಗ್ರಾನೈಟ್, ನೈಸ್ ಬಂಡೆಗಳಿಂದ ಬಂದದ್ದು. ಕಬ್ಬಿಣದ ಅಂಶ ಅದಕ್ಕೆ ಬಣ್ಣ ಕೊಟ್ಟಿದೆ, ಕಳಿಯದೆ ಉಳಿದ ಸ್ಫಟಿಕಶಿಲೆಯ ಕಣಗಳು ಗಡಸುತನ ಕೊಟ್ಟಿವೆ. ಮೋಸ್ ಅಳತೆಯಲ್ಲಿ 7ರ ಆ ಕಣ ಸಿಲಿಂಡರಿನ ಎರಕದ ಕಬ್ಬಿಣವನ್ನು ಸಲೀಸಾಗಿ ಗೀರುತ್ತದೆ. 2112 ಸಿಸಿಯ ಎಂಜಿನ್ ನಿಮಿಷಕ್ಕೆ 2500 ಸುತ್ತು ತಿರುಗುವಾಗ ಆ ಒಂದು ನಿಮಿಷದಲ್ಲಿ ಎರಡು ಘನಮೀಟರಿಗೂ ಹೆಚ್ಚು ಗಾಳಿ ಎಳೆದುಕೊಳ್ಳುತ್ತದೆ. ಮಾಲೂರಿನ ಇಟ್ಟಿಗೆ ಗೂಡುಗಳ ದಾರಿಯಲ್ಲಿ ಲಾರಿಯ ಹಿಂದೆ ಒಂದು ಗಂಟೆ ಓಡಿದರೆ ನೂರು ಘನಮೀಟರಿಗಿಂತ ಹೆಚ್ಚು ಧೂಳಿನ ಗಾಳಿ ಎಂಜಿನ್ನಿನ ಬಾಗಿಲಿಗೆ ಬಂದಿರುತ್ತದೆ.

ಹಳೇ ಗಾಡಿಗಳ ಆಯಿಲ್ ಬಾತ್ ಏರ್ ಕ್ಲೀನರ್ ಇದಕ್ಕೆ ಸರಳ ಉತ್ತರ. ಗಾಳಿ ಕೆಳಗಿಳಿದು ಎಣ್ಣೆಯ ಮೇಲೆ ಥಟ್ಟನೆ ಹಿಂದಿರುಗುತ್ತದೆ. ಭಾರದ ಕಣಗಳು ಹಾಗೆ ತಿರುಗಲಾಗದೆ ಎಣ್ಣೆಗೆ ಬೀಳುತ್ತವೆ. ಕಾಗದದ ಫಿಲ್ಟರ್ ಹಿಡಿಯುವಷ್ಟು ಸಣ್ಣ ಧೂಳನ್ನು ಇದು ಹಿಡಿಯುವುದಿಲ್ಲ, ಆದರೆ ಹಳ್ಳಿಯಲ್ಲಿ ತೊಳೆದು ಹೊಸ ಎಣ್ಣೆ ಸುರಿದರೆ ಮತ್ತೆ ಸಿದ್ಧ. ನಿಜವಾದ ಅಪಾಯ ಫಿಲ್ಟರಿಗೂ ಎಂಜಿನ್ನಿಗೂ ನಡುವಿನ ರಬ್ಬರ್ ಪೈಪಿನಲ್ಲಿದೆ. ಅದನ್ನು ಕಳಚಿ ಒಳಗೆ ಬೆರಳಾಡಿಸಬೇಕು. ಬೆರಳಿಗೆ ಕೆಂಪು ಹಿಟ್ಟು ಅಂಟಿದರೆ ಪೈಪು ಬಿರುಕು ಬಿಟ್ಟಿದೆ ಅಥವಾ ಕ್ಲಿಪ್ ಸಡಿಲವಾಗಿದೆ, ಎಂಜಿನ್ ಮಣ್ಣು ತಿನ್ನುತ್ತಿದೆ. ಅದನ್ನು ಹಾಗೇ ಬಿಟ್ಟರೆ ಮುಂದೆ ಎಣ್ಣೆ ಹಾಕುವ ಮುಚ್ಚಳ ತೆಗೆದಾಗ ಬುಸುಬುಸು ಹೊಗೆ ಬರುತ್ತದೆ. ಮೆಕ್ಯಾನಿಕ್ಕುಗಳು ಅದಕ್ಕೆ "ಬ್ಯಾಕ್ ಕಂಪ್ರೆಷನ್" ಎನ್ನುತ್ತಾರೆ. ಆ ಮಾತು ಬಂದಮೇಲೆ ಬೋರ್ ಕೆಲಸದ ಖರ್ಚು ತಪ್ಪಿದ್ದಲ್ಲ.

ಹಳೇ ಡೀಸೆಲ್ ಎಂಜಿನ್ನಿನ ದೊಡ್ಡ ಗುಣ, ಅದಕ್ಕೆ ಕಂಪ್ಯೂಟರ್ ಬೇಡ, ಕಿಡಿ ಬೇಡ. ಪೂಜೋ ಎಂಜಿನ್ನಿನಲ್ಲಿ ಗಾಳಿ ಇಪ್ಪತ್ತು ಪಟ್ಟಿಗೂ ಮೀರಿ ಕುಗ್ಗಿ ಬಿಸಿಯಾಗುತ್ತದೆ, ಡೀಸೆಲ್ ತಾನೇ ಹೊತ್ತಿಕೊಳ್ಳುತ್ತದೆ. ಅದು ನಿಂತುಹೋಗಲು ಸಾಮಾನ್ಯ ಕಾರಣ ಡೀಸೆಲ್ ಲೈನಿನಲ್ಲಿ ಸೇರಿಕೊಂಡ ಗಾಳಿ. ನಾಸಲ್ ಬಾಯಿ ತೆರೆಯಲು ನೂರು ಬಾರ್‌ಗಿಂತ ಹೆಚ್ಚು ಒತ್ತಡ ಬೇಕು. ದ್ರವ ಕುಗ್ಗುವುದಿಲ್ಲವಾದ್ದರಿಂದ ಪಂಪಿನ ತಳ್ಳು ನೇರ ನಾಸಲ್ಲಿಗೆ ತಲುಪುತ್ತದೆ. ಗಾಳಿಗುಳ್ಳೆ ಇದ್ದರೆ ಅದು ಕುಗ್ಗಿ ಹಿಗ್ಗಿ ತಳ್ಳೆಲ್ಲ ವ್ಯರ್ಥ. ಪರಿಹಾರಕ್ಕೆ ಒಂದು ಸ್ಪ್ಯಾನರ್ ಸಾಕು. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ ಫೀಡ್ ಪಂಪಿನ ಕೈಲಿವರು ಆಡಿಸಿದರೆ ಮೊದಲು ನೊರೆ, ಆಮೇಲೆ ಗುಳ್ಳೆ, ಕೊನೆಗೆ ಹೊಳೆಯುವ ಡೀಸೆಲ್ ಎಳೆ. ಬಿಗಿಮಾಡಿ, ಪಂಪಿನ ಸ್ಕ್ರೂಗೂ ಹೀಗೇ, ಕಡೆಗೆ ಸೆಲ್ಫ್ ಹೊಡೆಯುತ್ತ ನಾಸಲ್ ಪೈಪುಗಳ ನಟ್ಟಿಗೂ ಹೀಗೇ. ಆ ಹೊತ್ತಿನಲ್ಲಿ ಚಿಮ್ಮುವ ಡೀಸೆಲ್‌ಗೆ ಕೈ ಒಡ್ಡಲೇಬಾರದು. ಅಷ್ಟು ಒತ್ತಡದ ಎಳೆ ಚರ್ಮ ಸೀಳಿ ಒಳಗೆ ಹೋಗಬಲ್ಲದು.

ಗಾಳಿ ಎಲ್ಲಿಂದ ಬಂತು ಎಂಬುದೇ ಕಷ್ಟದ ಭಾಗ. ಟ್ಯಾಂಕಿನಿಂದ ಫೀಡ್ ಪಂಪಿನವರೆಗೆ ಲೈನಿನಲ್ಲಿರುವುದು ಎಳೆತ, ಒತ್ತಡವಲ್ಲ. ಅಲ್ಲಿ ಬಿರುಕಿದ್ದರೆ ಎಂಜಿನ್ ಓಡುವಾಗ ಗಾಳಿ ಒಳಗೆ ಹೋಗುತ್ತದೆಯೇ ಹೊರತು ಡೀಸೆಲ್ ಹೊರಗೆ ಬರುವುದಿಲ್ಲ. ನೆಲದ ಮೇಲೆ ಒಂದು ಹನಿ ಇಲ್ಲವೆಂದು ಆ ಕಡೆ ಯಾರೂ ನೋಡುವುದೇ ಇಲ್ಲ.

2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ಸಂಸ್ಕರಿಸಿದ ನೀರು ಬೆಂಗಳೂರಿನಿಂದ ಕೋಲಾರದ ಕೆರೆಗಳಿಗೆ ಹರಿಯತೊಡಗಿದ ಮೇಲೆ, ಎಷ್ಟೋ ಕಾಲ ಒಣಗಿದ್ದ ಕೋಡಿ, ಕಾಲುವೆಗಳಲ್ಲಿ ಮತ್ತೆ ನೀರು ಕಂಡಿತು. ಅವುಗಳನ್ನು ದಾಟುವ ಜೀಪಿನವರು ನೋಡಿಕೊಳ್ಳಬೇಕಾದದ್ದು ಆಕ್ಸಲ್ ಮೇಲಿನ ಪುಟ್ಟ ಬ್ರೀದರ್. ಓಡಿ ಬಿಸಿಯಾದ ಆಕ್ಸಲ್ ತಣ್ಣೀರಿಗಿಳಿದರೆ ಒಳಗಿನ ಗಾಳಿ ಕುಗ್ಗಿ ಹೊರಗಿನದನ್ನು ಎಳೆದುಕೊಳ್ಳುತ್ತದೆ. ಬ್ರೀದರ್ ಧೂಳಿನಿಂದ ಮುಚ್ಚಿದ್ದರೆ ಆಯಿಲ್ ಸೀಲಿನ ಅಂಚಿನಿಂದ ನೀರೇ ಒಳಬರುತ್ತದೆ. ಡ್ರೈನ್ ಬೋಲ್ಟ್ ಬಿಚ್ಚಿದಾಗ ಎಣ್ಣೆ ಮಜ್ಜಿಗೆಯಂತೆ ಬೆಳ್ಳಗೆ ಇಳಿದರೆ ಕ್ರೌನ್-ಪಿನಿಯನ್ ತುಕ್ಕು ಹಿಡಿಯುವ ಮೊದಲೇ ಎಣ್ಣೆ ಬದಲಿಸಬೇಕು.

ವಿದ್ಯುತ್ತಿನದು ಚಿಕ್ಕ ಮಾತು. "ಸೆಲ್ಫ್ ಎತ್ತುತ್ತಿಲ್ಲ" ಎಂದು ಬ್ಯಾಟರಿ ಬದಲಿಸುವ ಮುನ್ನ ಎಂಜಿನ್ನಿನಿಂದ ಚಾಸಿಸ್‌ಗೆ ಹೋಗುವ ಅರ್ತ್ ಪಟ್ಟಿಯನ್ನು ಉಜ್ಜಿ ನೋಡಬೇಕು. ಸೆಲ್ಫ್ ಮೋಟಾರು 200 ಆಂಪಿಯರ್ ಎಳೆಯುವಾಗ ತುಕ್ಕಿನ ಬರೀ 0.01 ಓಮ್ ತಡೆ 2 ವೋಲ್ಟನ್ನು ನುಂಗಿಬಿಡುತ್ತದೆ.

ಪೆಟ್ರೋಲ್ ಜೀಪು, ಕಾರ್ಬೊರೇಟರಿನ ಜಿಪ್ಸಿಗಳಿಗೆ ಹೊಸ ಪರೀಕ್ಷೆ ಬಂದಿದೆ. ಈಗ ಬಂಕುಗಳಲ್ಲಿ ಸಿಗುವುದು ಶೇಕಡಾ 20 ಎಥೆನಾಲ್ ಬೆರೆತ ಪೆಟ್ರೋಲು. ಎಥೆನಾಲ್ ಉರಿಯಲು ಕಡಿಮೆ ಗಾಳಿ ಸಾಕು. ಹಳೇ ಜೆಟ್ಟಿನ ಅಳತೆಯಲ್ಲೇ ಓಡಿಸಿದರೆ ಮಿಶ್ರಣ ತೆಳುವಾಗಿ, ಏರಿನಲ್ಲಿ ಎಂಜಿನ್ ಮುಗ್ಗರಿಸುತ್ತದೆ. ಲೀಟರಿಗೆ ಸಿಗುವ ಶಕ್ತಿಯೂ ಶೇಕಡಾ 6-7ರಷ್ಟು ಕಡಿಮೆ. ಪೆಟ್ರೋಲ್ ಪಂಪಿನ ಡಯಾಫ್ರಾಮು, ಹಳೇ ರಬ್ಬರ್ ಪೈಪುಗಳು ಎಥೆನಾಲಿಗೆ ಉಬ್ಬಿ ಬಿರಿಯುತ್ತವೆ. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ಹನಿಯುವುದು ಗಾಡಿಯನ್ನೇ ಸುಟ್ಟುಹಾಕಬಲ್ಲ ವಿಷಯ, ಆದ್ದರಿಂದ ಪೈಪುಗಳನ್ನು ಎಥೆನಾಲ್ ತಾಳುವಂಥವಕ್ಕೆ ಬದಲಿಸುವುದನ್ನು ಮುಂದೂಡಬಾರದು.

ಕೊಳ್ಳುವವರು ಎಂಜಿನ್ನಿಗಿಂತ ಮೊದಲು ಆರ್‌ಸಿ ನೋಡಲಿ. ಪೆಟ್ರೋಲ್ ಜೀಪಿಗೆ ಡೀಸೆಲ್ ಎಂಜಿನ್ ಕೂರಿಸಿದ್ದರೆ ಅದು ಆರ್‌ಸಿಯಲ್ಲಿ ಏರಿರಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಮನಸ್ಸಿಗೆ ಬಂದ ಮಾರ್ಪಾಟಿಗೆ ಅವಕಾಶ ಕೊಡುವುದಿಲ್ಲ. ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿದ ಮೇಲೆ ಐದೈದು ವರ್ಷಕ್ಕೆ ನವೀಕರಣ. 2025ರ ಆಗಸ್ಟಿನಿಂದ 20 ವರ್ಷ ದಾಟಿದ ಲಘು ವಾಹನಕ್ಕೆ ಆ ಶುಲ್ಕ 10,000 ರೂಪಾಯಿ. 2021ರ ವಿಂಟೇಜ್ ನಿಯಮ 50 ವರ್ಷ ಮೀರಿದ, ಮೂಲರೂಪದಲ್ಲೇ ಉಳಿದ ಗಾಡಿಗಳಿಗೆ ಮಾತ್ರ, ಅವನ್ನೂ ದಿನನಿತ್ಯ ಓಡಿಸುವಂತಿಲ್ಲ. ತೋಟಕ್ಕೂ ಮಂಡಿಗೂ ಓಡಾಡುವ 1988ರ ಜೀಪಿಗೆ ಇದರಿಂದ ಏನೂ ಸಿಗದು. ದುಡಿಯುವ ಹಳೇ ಗಾಡಿಗೂ ಪ್ರದರ್ಶನದ ಹಳೇ ಗಾಡಿಗೂ ನಡುವೆ ಕಾನೂನಿನಲ್ಲಿ ಮೂರನೆಯದೊಂದು ಸಾಲು ಬೇಕಿತ್ತು. ಸದ್ಯಕ್ಕೆ 25ನೇ ನಮೂನೆ ತುಂಬಿ ಆರ್‌ಟಿಒ ಕಚೇರಿಗೆ ಗಾಡಿ ಒಯ್ಯುವುದೇ ದಾರಿ. ಹೊರಡುವ ಮುನ್ನ ಚಾಸಿಸ್ ನಂಬರಿನ ಜಾಗವನ್ನು ಮೆತ್ತನೆಯ ಬ್ರಷ್‌ನಿಂದ ಉಜ್ಜಿ, ಎಣ್ಣೆ ಸವರಿ, ಅಂಕಿಗಳು ಓದಲು ಬರುತ್ತವೆಯೇ ನೋಡಿಕೊಳ್ಳಬೇಕು. ತುಕ್ಕು ತಿಂದು ಅಳಿಸಿಹೋಗಿದ್ದರೆ ತಾವೇ ಕೊರೆಸಲು ಹೋಗಬಾರದು. ಮೊದಲು ಅರ್ಜಿ ಕೊಟ್ಟು, ಅನುಮತಿ ಪಡೆದ ನಂತರವೇ ಮತ್ತೆ ಪಂಚ್ ಮಾಡಿಸಬೇಕು.